ಸೀತಾಳೆಯ ಕಂಪಿಗೆ ಮಲ್ಲಿಗೆಯ ಅಳತೆ ಬೇಡ

ಆರ್ಕಿಡ್‌ಗೆ ಬಣ್ಣವಿದೆ, ಬೆಡಗಿದೆ, ಪರಿಮಳವೊಂದಿಲ್ಲ ಎಂಬ ಮಾತು ನಮ್ಮಲ್ಲಿ ಬೇರೂರಿಬಿಟ್ಟಿದೆ. ಮದುವೆ ಮಂಟಪಕ್ಕೆ ಕಟ್ಟುವ ನೇರಳೆ ಡೆಂಡ್ರೋಬಿಯಂ, ಕುಂಡದಲ್ಲಿಟ್ಟು ಮಾರುವ ಬಿಳಿ ಫೆಲನಾಪ್ಸಿಸ್ ಇವುಗಳನ್ನು ಮೂಗಿನ ಹತ್ತಿರ ತಂದರೆ ಆ ಮಾತು ನಿಜವೆಂದೇ ಅನಿಸುತ್ತದೆ. ಪಕ್ಕದಲ್ಲಿ ಒಂದು ಮೊಳ ಮಲ್ಲಿಗೆ ಇದ್ದರಂತೂ ತೀರ್ಪು ಅಲ್ಲಿಗೇ ಮುಗಿಯಿತು. ಆದರೆ ಆ ತೀರ್ಪಿಗೆ ನಾವು ಬಳಸುವುದು ಮಲ್ಲಿಗೆಯ ಅಳತೆಗೋಲನ್ನು. ಕೊಯ್ದ ಮೇಲೂ ಘಮಘಮಿಸಬೇಕು, ಮುಡಿದರೆ ಮನೆಯೆಲ್ಲ ತುಂಬಬೇಕು, ದೇವರ ಮುಂದಿಟ್ಟರೆ ಮರುದಿನವೂ ನೆನಪಾಗಬೇಕು ಎಂಬುದು ನಮ್ಮ ನಿರೀಕ್ಷೆ. ಎರಡು ಹೂಗಳ ಕಂಪನ್ನು ಹೋಲಿಸುವ ಮುನ್ನ ಅದು ಯಾರಿಗಾಗಿ ಹೊಮ್ಮುತ್ತಿದೆ ಎಂದು ಕೇಳಿಕೊಳ್ಳಬೇಕು. ಆ ಪ್ರಶ್ನೆ ಬಿಟ್ಟ ಹೋಲಿಕೆಯಲ್ಲಿ ಆರ್ಕಿಡ್‌ಗೆ ನ್ಯಾಯ ಸಿಗುವುದಿಲ್ಲ.

ಮಲ್ಲಿಗೆಯನ್ನೇ ಮೊದಲು ನೋಡೋಣ. ಉಡುಪಿಯ ಶಂಕರಪುರದಲ್ಲಿ ಬೆಳಗ್ಗೆ ಬಿಡಿಸಿದ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟೆಯ ಲೆಕ್ಕದಲ್ಲಿ ಮಾರುತ್ತಾರೆ. ಆ ಹೊತ್ತಿನ ಬಿಗಿ ಮೊಗ್ಗಿನಲ್ಲಿ ಹಸಿರು ವಾಸನೆಯೇ ಹೆಚ್ಚು. ಸಂಜೆ ಎಸಳು ಬಿಚ್ಚತೊಡಗಿದಾಗ ಅದರ ಜೀವಕೋಶಗಳು ಕಂಪನ್ನು ಹೊಸದಾಗಿ ತಯಾರಿಸಿ ಗಾಳಿಗೆ ಬಿಡುತ್ತವೆ. ಗಿಡದಿಂದ ಬೇರೆಯಾದ ಮೇಲೂ ಈ ಕೆಲಸ ನಿಲ್ಲದಿರುವುದರಿಂದಲೇ ಮಲ್ಲಿಗೆ ಮಾಲೆಯಾಗಿ ಬದುಕಿತು. ಅದರ ಕಂಪಿನಲ್ಲಿ ಹಣ್ಣಿನಂಥ ಸಿಹಿ ಕೊಡುವ ಬೆಂಜೈಲ್ ಅಸಿಟೇಟ್, ತಾಜಾತನ ಕೊಡುವ ಲಿನಲೂಲ್ ಇವೆ. ಜೊತೆಗೆ ಒಂದಿಷ್ಟು ಇಂಡೋಲ್ ಕೂಡ ಇದೆ. ಮಲದಲ್ಲಿಯೂ ಇರುವ ಈ ವಸ್ತು ಹೆಚ್ಚಾದರೆ ನಾತ, ಹದವಾಗಿ ಬೆರೆತರೆ ಮಲ್ಲಿಗೆಯ ಆ ಮತ್ತೇರಿಸುವ ಭಾರ. ಇನ್ನೂ ಒಂದು ಸಂಗತಿಯನ್ನು ಮರೆಯುವಂತಿಲ್ಲ. ನಾವು ಬೆಳೆಯುವ ಮಲ್ಲಿಗೆ ತಳಿಗಳು ಬೀಜ ಕಟ್ಟುವುದು ಅಪರೂಪ. ಕಡ್ಡಿ ನೆಟ್ಟು ಬೆಳೆಸುವ ಗಿಡಗಳವು. ಯಾವ ಗಿಡ ಉಳಿಯಬೇಕು ಎಂದು ತಲೆತಲಾಂತರದಿಂದ ನಿರ್ಧರಿಸಿದ್ದು ಮನುಷ್ಯನ ಮೂಗು. ಮಲ್ಲಿಗೆ ನಮಗೆ ಹಿತವಾಗಿರುವುದರಲ್ಲಿ ಆಶ್ಚರ್ಯವೇನಿದೆ?

ಆರ್ಕಿಡ್‌ನ ಕಥೆ ಬೇರೆ. ಬಹುತೇಕ ಹೂಗಳಲ್ಲಿ ಪರಾಗ ಪುಡಿಯಾಗಿದ್ದು, ಹತ್ತಾರು ಕೀಟಗಳ ಮೈಗೆ ಅಂಟಿ ಹಂಚಿಹೋಗುತ್ತದೆ. ಹೆಚ್ಚಿನ ಆರ್ಕಿಡ್‌ಗಳಲ್ಲಿ ಅದು ಮುದ್ದೆ ಕಟ್ಟಿರುತ್ತದೆ. ಒಂದು ಕೀಟ ಬಂದು ಹೋದರೆ ಇಡೀ ಮುದ್ದೆಯೇ ಹೋಯಿತು. ಅದು ತಪ್ಪು ಹೂವಿಗೆ ಹೋದರೆ ಇಟ್ಟ ಬಂಡವಾಳವೆಲ್ಲ ನಷ್ಟ. ಹಾಗಾಗಿ ಆರ್ಕಿಡ್‌ಗೆ ಊರೆಲ್ಲ ಸಾರುವ ಡಂಗುರಕ್ಕಿಂತ ಸರಿಯಾದ ವಿಳಾಸಕ್ಕೆ ತಲುಪುವ ಕಾಗದವೇ ಮುಖ್ಯ. ಮಡಗಾಸ್ಕರಿನ ಆಂಗ್ರೇಕಂ ಆರ್ಕಿಡ್‌ನ ಮಕರಂದದ ಕೊಳವೆ ಸುಮಾರು 30 ಸೆಂಟಿಮೀಟರ್ ಉದ್ದ. ಅಷ್ಟುದ್ದ ನಾಲಗೆಯ ಪತಂಗವೊಂದು ಇರಲೇಬೇಕೆಂದು ಡಾರ್ವಿನ್ 1862ರಲ್ಲಿ ಬರೆದ. 1903ರಲ್ಲಿ ಅಂಥ ಪತಂಗದ ವಿವರಣೆ ಪ್ರಕಟವಾಯಿತು. ಈ ಹೂ ಕಂಪು ಸೂಸುವುದು ರಾತ್ರಿ, ಆ ಪತಂಗ ಹಾರಾಡುವ ಹೊತ್ತಿನಲ್ಲಿ. ಮಧ್ಯಾಹ್ನ ಮೂಸಿದವರು ಇದಕ್ಕೆ ವಾಸನೆಯೇ ಇಲ್ಲವೆಂದು ಹೇಳಿ ಹೋಗಬಹುದು. ಯುರೋಪಿನ ಆಫ್ರಿಸ್ ಆರ್ಕಿಡ್ ಇನ್ನೂ ಒಂದು ಹೆಜ್ಜೆ ಮುಂದೆ. ಹೆಣ್ಣು ದುಂಬಿಯ ಮೈಯ ವಾಸನೆಯನ್ನೇ ಅದು ಅನುಕರಿಸುತ್ತದೆ ಎಂದು 1999ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮ ಮೂಗಿಗೆ ಹೆಚ್ಚೇನೂ ತಿಳಿಯದ ಆ ವಾಸನೆಗೆ ಗಂಡು ದುಂಬಿ ಮರುಳಾಗಿ ಎರಗುತ್ತದೆ. ಹಲವು ಆರ್ಕಿಡ್‌ಗಳಲ್ಲಿ ಪರಾಗಸ್ಪರ್ಶ ಮುಗಿಯುತ್ತಿದ್ದಂತೆ ಕಂಪೂ ಇಳಿದುಹೋಗುತ್ತದೆ. ಕಾಗದ ತಲುಪಿದ ಮೇಲೆ ಮತ್ತೆ ಬರೆಯುವ ಅಗತ್ಯವಿಲ್ಲವಲ್ಲ!

ಹಾಗಾದರೆ ಅಂಗಡಿಯ ಆರ್ಕಿಡ್ ಏಕೆ ಸಪ್ಪೆ ಎಂದು ಕೇಳಬಹುದು. ಅವು ಬಣ್ಣಕ್ಕಾಗಿ, ಗಾತ್ರಕ್ಕಾಗಿ, ವಾರಗಟ್ಟಲೆ ಬಾಡದಿರುವುದಕ್ಕಾಗಿ ಆರಿಸಿ ಬೆಳೆಸಿದ ತಳಿಗಳು. ಪರಿಮಳಕ್ಕೆ ಅಲ್ಲಿ ಅಂಕವಿರಲಿಲ್ಲ. ಸುಮಾರು 28,000 ಪ್ರಭೇದಗಳಿರುವ ಕುಟುಂಬವನ್ನು ಎರಡು ಮೂರು ಮಾರುಕಟ್ಟೆ ತಳಿಗಳಿಂದ ಅಳೆಯುವುದು ಸರಿಯಲ್ಲ. ಮಲೆನಾಡಿನವರು ಸೀತಾಳೆ ದಂಡೆ ಎಂದು ಕರೆಯುವ ಆರ್ಕಿಡ್‌ಗಳ ಸಾಲಿನ ಏರಿಡಿಸ್, ಮುಂಗಾರಿನ ಹೊತ್ತಿಗೆ ಮರದ ಕೊಂಬೆಯಲ್ಲಿ ಗೊಂಚಲಾಗಿ ಅರಳಿದಾಗ ಸಿಹಿಯಾದ ಕಂಪನ್ನೇ ಬೀರುತ್ತದೆ. ವೆನಿಲಾ ಕೂಡ ಆರ್ಕಿಡ್ ತಾನೇ ಎಂದು ಕೆಲವರು ಈ ವಾದಕ್ಕೆ ಬಲ ತುಂಬುವುದುಂಟು. ಆದರೆ ಆ ಪರಿಮಳ ಹೂವಿನದಲ್ಲ, ಹದಮಾಡಿ ಒಣಗಿಸಿದ ಕೋಡಿನದು. ಈ ಚರ್ಚೆಯಲ್ಲಿ ಅದು ಸಾಕ್ಷಿಯಾಗಲಾರದು. ನಿಜವಾದ ಸಾಕ್ಷಿ ಸಿಗುವುದು ಸ್ವಿಸ್ ರಸಾಯನಶಾಸ್ತ್ರಜ್ಞ ರೋಮನ್ ಕೈಸರ್ ಅವರ ಕೆಲಸದಲ್ಲಿ. ಅರಳಿದ ಹೂವನ್ನು ಕೀಳದೆ, ಅದರ ಸುತ್ತ ಗಾಜಿನ ಕವಚವಿಟ್ಟು, ಒಳಗಿನ ಗಾಳಿಯನ್ನಷ್ಟೇ ಹಿಡಿದು ಅವರು ವಿಶ್ಲೇಷಿಸಿದರು. ಆರ್ಕಿಡ್‌ಗಳ ಕಂಪಿನ ಮೇಲಿನ ಅವರ ಪುಸ್ತಕ 1993ರಲ್ಲಿ ಬಂತು. ಮಲ್ಲಿಗೆ, ಗುಲಾಬಿಗಳಲ್ಲಿರುವ ಹಲವು ವಸ್ತುಗಳೇ ಆರ್ಕಿಡ್‌ಗಳಲ್ಲೂ ಇವೆ. ಅಕ್ಷರಗಳು ಅವೇ, ಕೂಡಿಸಿ ಬರೆದ ಪದ ಬೇರೆ.

ಪರಿಮಳ ಅವರವರ ಮೂಗಿಗೆ ಬಿಟ್ಟದ್ದು, ಮಾತಿಗೆ ಸಿಗದ್ದು ಎಂಬುದು ಮತ್ತೊಂದು ಆಕ್ಷೇಪ. ಇಷ್ಟಾನಿಷ್ಟ ಅವರವರದು ಎಂಬುದನ್ನು ಒಪ್ಪೋಣ. ಮಾತಿಗೆ ಸಿಗದು ಎಂಬುದನ್ನು ಒಪ್ಪಲಾಗದು. ಲಿನೇಯಸ್ 1752ರಲ್ಲೇ ವಾಸನೆಗಳನ್ನು ಏಳು ವರ್ಗ ಮಾಡಿದ್ದ. ಮಲೇಷ್ಯಾದ ಕಾಡಿನ ಜಹಾಯ್ ಜನ ಬಣ್ಣಗಳಷ್ಟೇ ಸಲೀಸಾಗಿ ವಾಸನೆಗಳನ್ನೂ ಹೆಸರಿಸುತ್ತಾರೆಂದು 2014ರ ಅಧ್ಯಯನವೊಂದು ತೋರಿಸಿದೆ. ಕನ್ನಡವೇನೂ ಬಡವಲ್ಲ. ಕಂಪು, ಘಮ, ಸೊಗಡು, ಕಮಟು, ಮುಗ್ಗಲು, ಕನರು ಎಂದರೆ ಒಂದೊಂದಕ್ಕೂ ಮೂಗಿಗೆ ಬೇರೆ ನೆನಪು. ಸುರಗಿ, ಬಕುಳ ಒಣಗಿದರೂ ಕಂಪು ಉಳಿಸಿಕೊಳ್ಳುತ್ತವೆ ಎಂದಾಗ ನಾವು ಪರಿಮಳದ ಬಾಳಿಕೆಯನ್ನು ಹೇಳುತ್ತಿದ್ದೇವೆ. ಸಂಪಿಗೆಯ ಘಾಟು ತಲೆನೋವು ತರುತ್ತದೆ ಎನ್ನುವಾಗ ಅದರ ತೀವ್ರತೆಯನ್ನು ಹೇಳುತ್ತಿದ್ದೇವೆ. ಆರ್ಕಿಡ್ ಬಗ್ಗೆಯೂ ಹೀಗೆಯೇ ಹೇಳಬಹುದು: ಯಾವ ಹೊತ್ತಿಗೆ ಕಂಪು ಬಂತು, ಎಷ್ಟು ದೂರಕ್ಕೆ ಮುಟ್ಟಿತು, ಮೊದಲು ಯಾವ ಹಣ್ಣು ಅಥವಾ ಮಸಾಲೆ ನೆನಪಾಯಿತು, ಕೊನೆಗೆ ಏನುಳಿಯಿತು. ಶ್ಯಾರಿ ಬೇಬಿ ಎಂಬ ಮಿಶ್ರತಳಿಯ ಆರ್ಕಿಡ್‌ಗೆ ಚಾಕೊಲೇಟ್ ವಾಸನೆ ಎಂದು ಜನ ಗುರುತಿಸುವುದು ಹೀಗೆಯೇ. ನೊಣಗಳನ್ನು ಕರೆಯುವ ಕೆಲವು ಬಲ್ಬೋಫಿಲಂ ಹೂಗಳಿಗೆ ಕೊಳೆತ ಮಾಂಸದ ನಾತವಿದೆ ಎಂಬುದನ್ನೂ ಮುಚ್ಚಿಡಬೇಕಿಲ್ಲ. ನಮಗದು ನಾತ, ನೊಣಕ್ಕೆ ಊಟದ ಕರೆ.

ಮುಡಿಯುವ ಹೂವಾಗಿ ಮಲ್ಲಿಗೆಗೆ ಸಾಟಿಯಿಲ್ಲ. ಆ ಪಟ್ಟ ಅದಕ್ಕೇ ಇರಲಿ. ವಿಳಾಸ ತಪ್ಪದೆ ತಲುಪುವ ಕಂಪಿನ ಕಲೆಯಲ್ಲಿ ಹಿರಿಮೆ ಆರ್ಕಿಡ್‌ನದು. ಅದನ್ನು ಅರಿಯಬೇಕಾದರೆ ಹೂವಿರುವಲ್ಲಿಗೆ, ಅದು ಕಂಪು ಬಿಡುವ ಹೊತ್ತಿಗೆ ನಾವೇ ಹೋಗಬೇಕು. ಸೀತಾಳೆಯನ್ನು ಬಂದಳಿಕೆಯೆಂದು ತಿಳಿದು ಕಿತ್ತೆಸೆಯುವುದು ಬೇಡ; ಅದು ಮರದ ಆಸರೆ ಪಡೆಯುತ್ತದೆ, ಮರದ ಸಾರ ಹೀರುವುದಿಲ್ಲ. ಚೆಂದವೆಂದು ಕಾಡಿನಿಂದ ಕಿತ್ತು ಮನೆಗೆ ತರುವುದೂ ಬೇಡ. ಈ ಮುಂಗಾರಿನಲ್ಲಿ ಸೀತಾಳೆ ಅರಳಿದ ಮರ ಕಂಡರೆ ಅದರಡಿ ಸ್ವಲ್ಪ ಹೊತ್ತು ನಿಲ್ಲಿ. ಬೆಳಗ್ಗೆ ಏನೂ ಸಿಗದಿದ್ದರೆ ಸಂಜೆ ಮತ್ತೊಮ್ಮೆ ಬನ್ನಿ.