ಬಾಗಿಲಿಗೆ ಬರುವವರು

ಗೃಹಸ್ಥರ ಮನೆಗೆ ದಿನಂಪ್ರತಿ ಬರುವವರು ಯಾರೆಂದು ಎಣಿಸಿ ನೋಡಿದರೆ ಬಂಧುಗಳೂ ಸ್ನೇಹಿತರೂ ಆ ಲೆಕ್ಕಕ್ಕೆ ಸಿಕ್ಕುವದಿಲ್ಲ. ಅವರು ಹಬ್ಬಹರಿದಿನಗಳಲ್ಲಿಯೂ ಸುಖದುಃಖಗಳಲ್ಲಿಯೂ ಬರುವವರು. ಮಳೆಯೆನ್ನದೆ ಚಳಿಯೆನ್ನದೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದವರು ಮುಖ್ಯವಾಗಿ ಇಬ್ಬರು: ಬೆಳಗಿನ ಜಾವದಲ್ಲಿ ಹಾಲಿನವನು, ಹೊತ್ತೇರಿದ ಮೇಲೆ ಅಂಚೆಯವನು. ಇವರ ಹೆಸರು ಮನೆಯವರಿಗೆ ತಿಳಿದಿತ್ತು. ಮನೆಯವರ ಸಂಗತಿ ಇವರಿಗೆ ತಿಳಿದಿತ್ತು. ಈಗ ಲೋಕದ ಅನೇಕ ದೇಶಗಳಲ್ಲಿ ಇವರ ಬರೋಣವು ಕಡಿಮೆಯಾಗುತ್ತಲಿದೆ. ಹಿರಿಯರು ಇದನ್ನು ನೆನಸಿ ನಿಟ್ಟುಸಿರು ಬಿಡುತ್ತಾರೆ. ಕಿರಿಯರು, ಅದರಲ್ಲಿ ನಿಟ್ಟುಸಿರಿಗೇನು ಕಾರಣವೆಂದು ಕೇಳುತ್ತಾರೆ. ಈ ಪದ್ಧತಿಯು ಹೇಗೆ ಹುಟ್ಟಿತು, ಯಾಕೆ ಕ್ಷಯಿಸುತ್ತಲಿದೆ, ಇದರಿಂದ ನಷ್ಟಪಡುವವರು ಯಾರು ಎಂಬದನ್ನು ನಮಗೆ ತಿಳಿದ ಮಟ್ಟಿಗೆ ವಾಚಕರ ಮುಂದೆ ಇಡುವದು ಈ ಲೇಖನದ ಉದ್ದೇಶವಾಗಿದೆ.

ಕಾಗದವು ಮನೆಗೆ ತಾನಾಗಿ ಬರತಕ್ಕ ವಸ್ತುವೆಂದು ನಾವು ಭಾವಿಸಿಕೊಂಡಿದ್ದೇವೆ. ಆದರೆ ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1863ನೆಯ ಇಸವಿಯ ವರೆಗೆ ಅಂಚೆಯ ಕೂಲಿಯು ಒಂದು ಅಂಚೆಯ ಮನೆಯಿಂದ ಇನ್ನೊಂದು ಅಂಚೆಯ ಮನೆಗೆ ಮಾತ್ರ ಸಲ್ಲುತ್ತಿತ್ತು. ಅಲ್ಲಿಂದ ಮುಂದೆ ಕಾಗದವನ್ನು ಅದರ ಒಡೆಯರು ತಾವೇ ಹೋಗಿ ತರಬೇಕಾಗಿತ್ತು. ಇಲ್ಲವಾದರೆ ತಂದುಕೊಡುವವನಿಗೆ ಕಾಗದಕ್ಕೆ ಒಂದೆರಡು ಸೆಂಟು ಬೇರೆ ಕೊಡಬೇಕಾಗಿತ್ತು. ಆ ದಿನಗಳಲ್ಲಿ ಆ ದೇಶದ ಉತ್ತರಕ್ಕೂ ದಕ್ಷಿಣಕ್ಕೂ ಘೋರವಾದ ಅಂತರ್ಯುದ್ಧವು ನಡೆಯುತ್ತಿತ್ತು. ಕ್ಲೀವ್‌ಲೆಂಡ್ ಪಟ್ಟಣದ ಅಂಚೆಯ ಕಛೇರಿಯಲ್ಲಿದ್ದ ಜೋಸೆಫ್ ಬ್ರಿಗ್ಸ್ ಎಂಬ ನೌಕರನು, ರಣರಂಗಕ್ಕೆ ಹೋದ ಗಂಡಂದಿರ ಮತ್ತು ಮಕ್ಕಳ ಸುದ್ದಿಗಾಗಿ ಹೆಂಗಸರು ಕೊರೆಯುವ ಚಳಿಯಲ್ಲಿ ಸಾಲುಗಟ್ಟಿ ನಿಂತಿರುವದನ್ನು ಕಂಡು ಮನಕರಗಿ, ಕಾಗದಗಳನ್ನು ಮನೆಗೇ ಮುಟ್ಟಿಸುವ ಏರ್ಪಾಡನ್ನು ಯೋಚಿಸಿದನೆಂದು ಹೇಳುತ್ತಾರೆ. 1863ನೆಯ ಇಸವಿ ಜುಲೈ 1ನೆಯ ತಾರೀಖಿನಲ್ಲಿ ಆ ಏರ್ಪಾಡು 49 ಪಟ್ಟಣಗಳಲ್ಲಿ ಸುಮಾರು 450 ಮಂದಿ ಸಂಬಳದ ಅಂಚೆಯವರಿಂದ ಆರಂಭವಾಯಿತು. ಹಳ್ಳಿಗಳವರು ಇನ್ನೂ ಮೂವತ್ತುಮೂರು ವರ್ಷ ಕಾಯಬೇಕಾಯಿತು. 1896ರಲ್ಲಿ ಪಶ್ಚಿಮ ವರ್ಜೀನಿಯದ ಮೂರು ಗ್ರಾಮಗಳಿಂದ ತೊಡಗಿದ ಗ್ರಾಮಾಂತರದ ಅಂಚೆಯು ಕ್ರಮೇಣ ದೇಶವೆಲ್ಲ ಹಬ್ಬಿತು. ಅಂಚೆಯವನು ಬರಬೇಕಾದರೆ ದಾರಿಯು ನೆಟ್ಟಗಿರಬೇಕೆಂಬ ನಿಬಂಧನೆಯಿದ್ದ ಕಾರಣ ರೈತರು ತಮ್ಮ ಕೆಸರುದಾರಿಗಳನ್ನು ಸರಿಮಾಡಿಕೊಂಡರು. ದಿನಪತ್ರಿಕೆಯು ಹೊಲದ ಮನೆಗೂ ಮುಟ್ಟಿತು.

ಹೀಗೆ ಬಾಗಿಲ ತನಕ ಬಂದ ಅಂಚೆಯವನು ಹಿಂದಕ್ಕೆ ಸರಿದದ್ದು ಹೇಗೆಂಬದು ವಿಚಾರ ಮಾಡತಕ್ಕ ಸಂಗತಿ. ಮೊದಮೊದಲು ಅವನು ಬಾಗಿಲು ತಟ್ಟಿ ಕಾಗದವನ್ನು ಕೈಗೇ ಕೊಡುತ್ತಿದ್ದನು. ಮನೆಯವರು ಬರುವ ವರೆಗೆ ಕಾದು ನಿಲ್ಲುವದರಲ್ಲಿ ಒಬ್ಬೊಬ್ಬನಿಗೆ ದಿನಕ್ಕೆ ಒಂದು ಘಂಟೆಯಷ್ಟು ಕಾಲ ವ್ಯರ್ಥವಾಗುತ್ತದೆಂದು ಅಧಿಕಾರಿಗಳು ಲೆಕ್ಕಮಾಡಿ, 1923ರಲ್ಲಿ ಪ್ರತಿಯೊಂದು ಮನೆಯೂ ಕಾಗದ ಹಾಕುವ ಪೆಟ್ಟಿಗೆಯನ್ನಾಗಲಿ ಬಾಗಿಲಲ್ಲಿ ಕಂಡಿಯನ್ನಾಗಲಿ ಇಟ್ಟುಕೊಳ್ಳಲೇಬೇಕೆಂದು ವಿಧಿಸಿದರು. ಇದು ಅಲ್ಪವಾದ ಮಾರ್ಪಾಡೆಂದು ಕಾಣುವದು. ಆದರೆ ಆ ದಿನದಿಂದ ತರುವವನೂ ಪಡೆಯುವವರೂ ಒಬ್ಬರ ಮುಖವನ್ನೊಬ್ಬರು ನೋಡಲೇಬೇಕೆಂಬ ಅಗತ್ಯವು ತಪ್ಪಿತು. 1950ರಲ್ಲಿ, ವಾಸದ ಮನೆಗಳಿಗೆ ದಿನಕ್ಕೆ ಎರಡು ಸಾರಿ ಬರುತ್ತಿದ್ದ ಅಂಚೆಯು ಒಂದೇ ಸಾರಿಗೆ ಇಳಿಯಿತು. ಆ ಮೇಲೆ ಹೊಸ ಬಡಾವಣೆಗಳಲ್ಲಿ ಪೆಟ್ಟಿಗೆಯು ಬಾಗಿಲಿನಿಂದ ಬೀದಿಯ ಅಂಚಿಗೂ, ಅಲ್ಲಿಂದ ಹತ್ತಾರು ಮನೆಗಳಿಗೆ ಸೇರಿ ಒಂದೇ ಕಡೆಯಲ್ಲಿ ನಿಲ್ಲಿಸಿದ ಕಪಾಟಿಗೂ ಹೋಯಿತು. ಅಂಚೆಯವನು ಬಿಟ್ಟ ಹೆಜ್ಜೆಗಳನ್ನು ಮನೆಯವರೇ ನಡೆಯಬೇಕಾಯಿತು.

ಇದಕ್ಕೆ ಕಾರಣವು ಯಾರ ದುರ್ಬುದ್ಧಿಯೂ ಅಲ್ಲ, ಸಾಮಾನ್ಯವಾದ ಗಣಿತವೇ. ಚೀಲದಲ್ಲಿ ಇನ್ನೂರು ಕಾಗದಗಳಿದ್ದರೂ ಇಪ್ಪತ್ತೇ ಇದ್ದರೂ ಅಂಚೆಯವನು ತುಳಿಯುವ ಬೀದಿಯ ಉದ್ದವು ಒಂದೇ. ಅಮೇರಿಕದಲ್ಲಿ ಮೊದಲನೆಯ ತರಗತಿಯ ಅಂಚೆಯು 2001ರಲ್ಲಿ ಸುಮಾರು 10,300 ಕೋಟಿಗೆ ಏರಿ, 2023ರ ಹೊತ್ತಿಗೆ ಸುಮಾರು 4,600 ಕೋಟಿಗೆ ಇಳಿಯಿತು. ಮನೆಗಳ ಸಂಖ್ಯೆಯಾದರೋ ವರ್ಷ ವರ್ಷವೂ ಹೆಚ್ಚುತ್ತಲೇ ಇದೆ. ಜನರು ತಮ್ಮ ಸುದ್ದಿಸಮಾಚಾರಗಳನ್ನು ಮಿಂಚಂಚೆಯಿಂದಲೂ ಕೈಯಲ್ಲಿನ ದೂರವಾಣಿಯಿಂದಲೂ ಕಳುಹಿಸುವಾಗ, ಚೀಲವು ಹಗುರವಾದಷ್ಟೂ ಒಂದೊಂದು ಕಾಗದದ ಮೇಲೆ ಬೀಳುವ ವೆಚ್ಚವು ಭಾರವಾಗುವದು.

ಕೆನಡ ದೇಶದಲ್ಲಿ ಇದೇ ಕಾರಣದಿಂದ, ಇನ್ನೂ ಬಾಗಿಲಿಗೆ ಅಂಚೆ ಪಡೆಯುತ್ತಿದ್ದ ಸುಮಾರು 50 ಲಕ್ಷ ಮನೆಗಳಿಗೆ ಅದನ್ನು ನಿಲ್ಲಿಸಿ ಬೀದಿಯ ಪೆಟ್ಟಿಗೆಗಳನ್ನು ಇಡುವದಾಗಿ 2013ರಲ್ಲಿ ಪ್ರಕಟಿಸಿದರು. ಮುದುಕರೂ ಅಂಗವಿಕಲರೂ ಮಂಜುಗಡ್ಡೆಯ ಮೇಲೆ ನಡೆದು ಪೆಟ್ಟಿಗೆಯ ತನಕ ಹೋಗುವದು ಹೇಗೆಂದು ಜನರು ಕೂಗಿಕೊಂಡದ್ದರಿಂದ 2015ರಲ್ಲಿ ಆ ಕೆಲಸವು ನಿಂತಿತು. ಆದರೆ 2025ರ ಸೆಪ್ಟೆಂಬರಿನಲ್ಲಿ, ಉಳಿದ ಸುಮಾರು 40 ಲಕ್ಷ ಮನೆಗಳನ್ನೂ ಹಾಗೆಯೇ ಮಾರ್ಪಡಿಸಲು ಸರಕಾರವು ಒಪ್ಪಿಗೆ ಕೊಟ್ಟಿತು.

ಡೆನ್ಮಾರ್ಕಿನಲ್ಲಿ ಇನ್ನೂ ದೂರ ಹೋದರು. ಅಲ್ಲಿಯ ಅಂಚೆಯು 1624ರಲ್ಲಿ ನಾಲ್ಕನೆಯ ಕ್ರಿಸ್ಟಿಯಾನ್ ಅರಸನ ಆಜ್ಞೆಯಿಂದ ಸ್ಥಾಪಿತವಾದದ್ದು. 2000ದಲ್ಲಿ ಸುಮಾರು 140 ಕೋಟಿ ಕಾಗದಗಳನ್ನು ಹೊತ್ತ ಆ ಅಂಚೆಗೆ 2024ರಲ್ಲಿ ಸಿಕ್ಕಿದವು ಸುಮಾರು 11 ಕೋಟಿ. ಸರಕಾರದ ಪತ್ರವ್ಯವಹಾರವನ್ನು 2014ರಿಂದಲೇ ಗಣಕಯಂತ್ರದ ಮೂಲಕ ನಡಿಸುವದು ಅಲ್ಲಿ ಕಡ್ಡಾಯವಾಗಿತ್ತು. ಕಡೆಗೆ 2025ನೆಯ ಇಸವಿ ಡಿಸೆಂಬರ್ 30ರಂದು ನಾಲ್ಕು ಶತಮಾನಗಳ ಆ ಅಂಚೆಯು ತನ್ನ ಕೊನೆಯ ಕಾಗದವನ್ನು ಹಂಚಿ ಆ ಕೆಲಸವನ್ನು ಮುಗಿಸಿತು. ಬೀದಿಗಳಲ್ಲಿದ್ದ ಸುಮಾರು 1,500 ಕೆಂಪು ಪೆಟ್ಟಿಗೆಗಳನ್ನು ಕಿತ್ತರು. ಈಗ ಅಲ್ಲಿ ಕಾಗದ ಬರೆಯುವವರು ಖಾಸಗಿ ಸಂಸ್ಥೆಯ ಮೂಲಕ ಕಳುಹಿಸಬೇಕು.

ಇನ್ನು ಹಾಲಿನವನ ವಿಷಯ. ಇವನ ನೆನಪು ಇಂಗ್ಲೆಂಡಿನವರಿಗೆ ಇರುವಷ್ಟು ಮತ್ತಾರಿಗೂ ಇರಲಾರದು. ಶಬ್ದವಿಲ್ಲದೆ ಚಲಿಸುವ ವಿದ್ಯುತ್ತಿನ ಬಂಡಿಯಲ್ಲಿ ನಸುಕಿನಲ್ಲೇ ಬಂದು, ತುಂಬಿದ ಗಾಜಿನ ಸೀಸೆಗಳನ್ನು ಹೊಸ್ತಿಲ ಬಳಿ ಇಟ್ಟು, ತೊಳೆದಿಟ್ಟ ಬರಿದಾದ ಸೀಸೆಗಳನ್ನು ಅವನು ಒಯ್ಯುತ್ತಿದ್ದನು. ಇಂದು ಎರಡು ಸೀಸೆ ಬೇಕು, ನಾಳೆ ಬೇಡವೆಂದು ಗೃಹಿಣಿಯು ಚೀಟಿ ಬರೆದು ಸೀಸೆಯ ಬಾಯಿಗೆ ಸಿಕ್ಕಿಸಿಡುವಳು. ಟಿಟ್ ಎಂಬ ಚಿಕ್ಕ ಹಕ್ಕಿಗಳು ಸಹ ಈ ಪದ್ಧತಿಯನ್ನು ಕಲಿತುಕೊಂಡವು! ಅವು ಸೀಸೆಯ ಮುಚ್ಚಳವನ್ನು ಹರಿದು ಮೇಲಿನ ಕೆನೆಯನ್ನು ಕುಡಿಯುವದು 1921ರಲ್ಲಿ ಸೌತಾಂಪ್ಟನ್ ಬಳಿಯ ಸ್ವೇತ್‌ಲಿಂಗ್ ಎಂಬಲ್ಲಿ ಮೊದಲು ದಾಖಲಾಯಿತು. ಮುಂದೆ ದೇಶದ ನಾನಾ ಭಾಗಗಳ ಹಕ್ಕಿಗಳಲ್ಲಿ ಆ ವಿದ್ಯೆಯು ಕಂಡುಬಂದಿತು. 1980ರಲ್ಲಿಯೂ ಆ ದೇಶದ ಮನೆಗಳ ಹಾಲಿನಲ್ಲಿ ನೂರಕ್ಕೆ ಎಂಭತ್ತೊಂಭತ್ತು ಪಾಲು ಬಾಗಿಲಿಗೇ ಬರುತ್ತಿತ್ತು. 2016ರ ಹೊತ್ತಿಗೆ ಅದು ನೂರಕ್ಕೆ ಮೂರಕ್ಕೆ ಇಳಿದಿತ್ತು. ಮನೆಮನೆಗೂ ಶೀತಪೆಟ್ಟಿಗೆಯು ಬಂದದ್ದರಿಂದ ದಿನವೂ ಹಾಲು ಕೊಳ್ಳುವ ಅಗತ್ಯವು ತಪ್ಪಿತು. ದೊಡ್ಡ ಅಂಗಡಿಗಳವರು ಅದೇ ಹಾಲನ್ನು ಕಡಿಮೆ ಬೆಲೆಗೆ ಮಾರಿದರು. ಈಚೆಗೆ ಪ್ಲಾಸ್ಟಿಕಿನ ಮೇಲಣ ಬೇಸರದಿಂದಲೂ, 2020ರ ಮಹಾಮಾರಿಯ ಕಾಲದ ನಿರ್ಬಂಧದಿಂದಲೂ ಕೆಲವರು ಮರಳಿ ಹಾಲಿನವನನ್ನು ಕರೆದದ್ದುಂಟು. ಆದರೂ ಹಿಂದಿನ ಕಾಲವು ತಿರಿಗಿ ಬಂದಿತೆಂದು ಹೇಳಲಾಗದು.

ಇಲ್ಲಿ ನಾವು ಎಚ್ಚರಿಕೆಯಿಂದ ಇರಬೇಕು. ಕಳೆದುಹೋದ ವಸ್ತುವು ನೆನಪಿನಲ್ಲಿ ಇದ್ದದ್ದಕ್ಕಿಂತ ಸುಂದರವಾಗಿ ತೋರುವದು ಮನುಷ್ಯಸ್ವಭಾವ. ಲಂಡನ್ ಪಟ್ಟಣದ ಮೇಲೆ ಬಾಂಬುಗಳು ಬೀಳುತ್ತಿದ್ದ 1940ರ ಅಕ್ಟೋಬರಿನಲ್ಲಿ ಫ್ರೆಡ್ ಮಾರ್ಲಿ ಎಂಬವನು ತೆಗೆದ ಛಾಯಾಚಿತ್ರವೊಂದುಂಟು: ಕುಸಿದ ಮನೆಗಳ ಕಲ್ಲುಮಣ್ಣುಗಳ ನಡುವೆ ಹಾಲಿನವನು ಸೀಸೆಗಳನ್ನು ಹಿಡಿದು ನಿಶ್ಚಿಂತನಾಗಿ ನಡೆದು ಬರುತ್ತಿದ್ದಾನೆ. ಲೋಕವೆಲ್ಲ ಮೆಚ್ಚಿದ ಆ ಚಿತ್ರದಲ್ಲಿರುವವನು ನಿಜವಾದ ಹಾಲಿನವನಲ್ಲ, ಅವನ ಅಂಗಿ ತೊಟ್ಟ ಚಿತ್ರಗಾರನ ಸಹಾಯಕನೇ ಎಂದು ಹೇಳುತ್ತಾರೆ. ನಮ್ಮ ಹಳೆಯ ನೆನಪುಗಳಲ್ಲಿಯೂ ಇಂಥ ವೇಷವು ಸ್ವಲ್ಪ ಇರುವದುಂಟು.

ನಮ್ಮ ಊರುಗಳಲ್ಲಿ ವರ್ತನೆಯ ಹಾಲಿನವನು ಹಸುವನ್ನು ಬಾಗಿಲಿಗೇ ಹೊಡೆದುಕೊಂಡು ಬಂದು ಕಣ್ಣೆದುರಿಗೆ ಕರೆದುಕೊಡುತ್ತಿದ್ದದ್ದು ಯಾಕೆ? ಹಾಲಿಗೆ ನೀರು ಬೆರಸಿಯಾನೆಂಬ ಸಂಶಯದಿಂದಲೇ ಅಲ್ಲವೇ? ಕರೆಯುವ ಮುಂಚೆ ಪಾತ್ರೆಯನ್ನು ಬೋರಲು ಹಾಕಿ ತೋರಿಸೆಂದು ಅಜ್ಜಿಯಂದಿರು ಹೇಳುತ್ತಿದ್ದದ್ದನ್ನು ನಾವು ಮರೆಯಬಾರದು. ಕಾಯಿಸದ ಹಾಲಿನಿಂದ ಕ್ಷಯವೇ ಮೊದಲಾದ ರೋಗಗಳು ಹರಡುವವೆಂಬದೂ ನಿಜ. 1965ರಲ್ಲಿ ಬೆಂಗಳೂರು ಡೈರಿಯು ಆರಂಭವಾಗಿ, 1983ರಿಂದ ನಂದಿನಿ ಎಂಬ ಹೆಸರಿನಲ್ಲಿ ಸಹಕಾರಿ ಸಂಘಗಳ ಹಾಲು ಪೊಟ್ಟಣಗಳಲ್ಲಿ ಬಂದಾಗ, ಪಟ್ಟಣದವರಿಗೆ ಶುದ್ಧವಾದ ಹಾಲೂ, ಒಂದೆರಡು ಹಸುಗಳಿರುವ ಹಳ್ಳಿಯ ಹೆಂಗಸಿಗೆ ಅಳತೆಗೂ ಕೊಬ್ಬಿನಂಶಕ್ಕೂ ತಕ್ಕ ಹಣವೂ ಸಿಕ್ಕುವ ಮಾರ್ಗವಾಯಿತು. ಹೀಗಿರಲು ಬದಲಾವಣೆಯನ್ನೆಲ್ಲ ಹಾನಿಯೆಂದು ಎಣಿಸುವದು ನ್ಯಾಯವಲ್ಲ.

ನಮ್ಮ ದೇಶದ ಅಂಚೆಯ ಚರಿತ್ರೆಯೂ ಹೆಮ್ಮೆಪಡತಕ್ಕದ್ದೇ. ಮೈಸೂರು ಸಂಸ್ಥಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಹುಟ್ಟಿದ ಅಂಚೆಯು 1889ರ ತನಕ ಬೇರೆಯಾಗಿಯೇ ನಡೆದು ಬ್ರಿಟಿಷ್ ಇಂಡಿಯದ ಅಂಚೆಯಲ್ಲಿ ಸೇರಿತು. 1854ರ ಸುಧಾರಣೆಯಿಂದ ಅರ್ಧಾಣೆಗೆ ಹಗುರವಾದ ಕಾಗದವು ದೇಶದ ಯಾವ ಮೂಲೆಗಾದರೂ ಹೋಗುವಂತಾಯಿತು. 1879ರಲ್ಲಿ ಕಾಲಾಣೆಯ ಕಾರ್ಡೂ, 1880ರಲ್ಲಿ ಮನಿಯಾರ್ಡರೂ ಬಂದವು. ಓದುಬಾರದವರ ಮನೆಯಲ್ಲಿ ಅಂಚೆಯವನೇ ಜಗಲಿಯ ಮೇಲೆ ಕುಳಿತು ಕಾಗದವನ್ನು ಓದಿ ಹೇಳಿ, ಅವರು ಹೇಳಿದ ಉತ್ತರವನ್ನೂ ಬರೆದುಕೊಡುತ್ತಿದ್ದನು. 2013ರ ಜುಲೈಯಲ್ಲಿ ತಂತಿಯೂ, 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋದ ರಿಜಿಸ್ಟರ್ ಅಂಚೆಯೂ ನಮ್ಮನ್ನು ಬಿಟ್ಟವು. ಆದರೂ ಸುಮಾರು 1,64,000 ಅಂಚೆಯ ಮನೆಗಳು ಈ ದೇಶದಲ್ಲಿವೆ. ಅವುಗಳಲ್ಲಿ ಹೆಚ್ಚಿನವು ಹಳ್ಳಿಗಳಲ್ಲಿಯೇ ಇವೆ. 2018ರಲ್ಲಿ ಅಂಚೆಯ ಬ್ಯಾಂಕು ಹುಟ್ಟಿದ ಮೇಲೆ, ಹಳ್ಳಿಯ ಅಂಚೆಯವನು ಸಣ್ಣದೊಂದು ಯಂತ್ರವನ್ನು ಹಿಡಿದು ಹೋಗಿ, ಮುದುಕಿಯ ಬೆರಳಿನ ಗುರುತನ್ನು ತೆಗೆದುಕೊಂಡು ಹಣವನ್ನು ಅವಳ ಮನೆಯಲ್ಲಿಯೇ ಎಣಿಸಿಕೊಡಲು ಶಕ್ತನಾಗಿದ್ದಾನೆ. ಚೀಲದೊಳಗಿನ ವಸ್ತುವು ಬದಲಾದರೂ ಬಾಗಿಲಿಗೆ ಬರುವ ಕೆಲಸವು ವ್ಯರ್ಥವಾಗಲಿಲ್ಲವೆಂಬದಕ್ಕೆ ಇದು ಸಾಕ್ಷಿ.

ಹಾಗಾದರೆ ಕಳೆದುಹೋಗುವದು ಯಾವದು? ನಮ್ಮ ನೆರೆಯಲ್ಲಿ ನಡೆದ ಒಂದು ಸಂಗತಿಯಿಂದ ಅದು ನಮಗೆ ತಿಳಿಯಿತು. ಒಬ್ಬ ವೃದ್ಧೆಯು ಒಂಟಿಯಾಗಿ ವಾಸವಾಗಿದ್ದರು. ಪೊಟ್ಟಣದ ಹಾಲು ಹಾಕುವ ಹುಡುಗನು ಒಂದು ಬೆಳಿಗ್ಗೆ, ನಿನ್ನೆ ತಾನಿಟ್ಟ ಪೊಟ್ಟಣವು ಬಾಗಿಲಿಗೆ ನೇತುಹಾಕಿದ ಚೀಲದಲ್ಲೇ ಇರುವದನ್ನು ಕಂಡನು. ‘ಅಮ್ಮಾ, ಹಾಲು’ ಎಂದು ಎರಡು ಮೂರು ಸಾರಿ ಕೂಗಿದರೂ ಉತ್ತರ ಬರಲಿಲ್ಲ. ಅವನಿಗೆ ಇನ್ನೂ ಎಷ್ಟೋ ಮನೆಗಳಿಗೆ ಹೋಗಬೇಕಾಗಿತ್ತು. ಆದರೂ ಸುಮ್ಮನೆ ಹೋಗದೆ ನಮ್ಮ ಬಾಗಿಲು ತಟ್ಟಿ, ‘ಅಜ್ಜಿಯವರು ನಿನ್ನೆಯ ಹಾಲು ತೆಗೆದುಕೊಂಡಿಲ್ಲ, ಸ್ವಲ್ಪ ನೋಡಿ’ ಎಂದನು. ಬಾಗಿಲು ಒಡೆದು ಒಳಗೆ ಹೋದಾಗ ಅವರು ಬಚ್ಚಲ ಮನೆಯಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದು ನರಳುತ್ತಿದ್ದರು. ಆಸ್ಪತ್ರೆಗೆ ಸೇರಿಸಿದ್ದರಿಂದ ಬದುಕಿದರು. ಒಂದೇ ಗೋಡೆಯ ಆಚೆಗಿದ್ದ ನಾವು ಅದನ್ನು ತಿಳಿಯದೆ ಹೋದೆವೆಂಬ ನಾಚಿಕೆಯು ನಮಗೆ ಈಗಲೂ ಇದೆ. ಆ ಹುಡುಗನಿಗೆ ಸಂಬಳವು ಹಾಲಿಗೆ ಮಾತ್ರ ಇತ್ತು. ಅಜ್ಜಿಯನ್ನು ನೋಡಿಕೊಳ್ಳುವದಕ್ಕೆ ಇರಲಿಲ್ಲ.

ಬೇರೆ ದೇಶದವರು ಈ ಸಂಗತಿಯ ಬೆಲೆಯನ್ನು ಅರಿತಿದ್ದಾರೆ. ಜರ್ಸಿ ಎಂಬ ದ್ವೀಪದಲ್ಲಿ 2013ರಿಂದ ಅಂಚೆಯವರು ಒಂಟಿಯಾಗಿರುವ ಮುದುಕರನ್ನು ದಾರಿಯಲ್ಲೇ ವಿಚಾರಿಸಿ, ಅವರ ಕ್ಷೇಮವನ್ನು ತಿಳಿಸಬೇಕಾದವರಿಗೆ ತಿಳಿಸುತ್ತಾರೆ. ಫ್ರಾನ್ಸಿನ ಅಂಚೆಯು 2017ರಲ್ಲಿ ಅಂಥದೇ ಕೆಲಸವನ್ನು ಆರಂಭಿಸಿತು. ದೂರದಲ್ಲಿರುವ ಮಕ್ಕಳು ತಿಂಗಳಿಗಿಷ್ಟೆಂದು ಹಣ ಕೊಟ್ಟರೆ ಅಂಚೆಯವನು ಅವರ ತಂದೆತಾಯಿಗಳನ್ನು ಕಂಡು ಬರುವನು. ಹಿಂದೆ ಕಾಗದದ ಜೊತೆಯಲ್ಲಿ ಬೆಲೆಯಿಲ್ಲದೆ ಬರುತ್ತಿದ್ದ ಕುಶಲಪ್ರಶ್ನೆಗೆ ಈಗ ಬೆಲೆ ಬಿದ್ದಿದೆ. ಆದರೂ ಅದು ಇಲ್ಲದಿರುವದಕ್ಕಿಂತ ಇರುವದೇ ಲೇಸು.

ಮನೆಗೆ ಬರುವ ಸೇವೆಯು ನಿಂತಾಗ ಕಾಲಿನಲ್ಲಿ ಬಲವುಳ್ಳವರೂ ಯಂತ್ರಗಳನ್ನು ಬಲ್ಲವರೂ ಹೆಚ್ಚೇನೂ ಕಳಕೊಳ್ಳುವದಿಲ್ಲ. ಮುದುಕರೂ ರೋಗಿಗಳೂ ಬಡವರೂ ಕಳಕೊಳ್ಳುವರು. ಈ ಸೇವೆಯು ಚಳಿಯಲ್ಲಿ ನಿಂತ ಹೆಂಗಸರ ನಿಮಿತ್ತವಾಗಿ ಹುಟ್ಟಿತೆಂದು ಮೇಲೆ ಹೇಳಿದೆವು. ಅದು ಹೋಗುವಾಗ ಅಂಥವರೇ ಮರಳಿ ಸಾಲಿನಲ್ಲಿ ನಿಲ್ಲುವಂತಾಗಬಾರದು. ಈ ಶಾಲೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಮುಂದೆ ಕಛೇರಿಗಳಲ್ಲಿ ಕುಳಿತು ಇಂಥ ವಿಷಯಗಳನ್ನು ತೀರ್ಮಾನಿಸುವವರಾಗಬಹುದು. ಆಗ ವೆಚ್ಚದ ಲೆಕ್ಕವನ್ನು ಅವಶ್ಯವಾಗಿ ನೋಡಿರಿ. ಅದರ ಸಂಗಡ, ನಾವು ಉಳಿಸಿದ ಹೆಜ್ಜೆಗಳನ್ನು ಇನ್ನು ಮೇಲೆ ನಡೆಯಬೇಕಾದವರು ಯಾರೆಂದೂ ಕೇಳಿರಿ. ಅದು ವರೆಗೆ ಎಲ್ಲರಿಗೂ ಸಾಧ್ಯವಾದದ್ದು ಇಷ್ಟೇ: ನಾಳೆ ಬೆಳಿಗ್ಗೆ ಹಾಲು ತರುವವನ ಹೆಸರನ್ನು ಕೇಳಿ ತಿಳುಕೊಳ್ಳುವದು, ದೂರದಲ್ಲಿರುವ ಅಜ್ಜಿಗೆ ಸ್ವಹಸ್ತದಿಂದ ಒಂದು ಕಾಗದ ಬರೆಯುವದು. ಅದನ್ನು ತಲಪಿಸುವ ನೆವದಿಂದಾದರೂ ಅವರ ಬಾಗಿಲಿಗೆ ಒಬ್ಬನು ಬಂದು ಹೋಗುವನು.