ಬೆನ್ನುಹುರಿಗೆ ಪೆಟ್ಟಾದಾಗ ಡಾಕ್ಟರ್ ‘ಈಗಲೇ ಹೇಳೋಕಾಗಲ್ಲ’ ಅನ್ನೋದೇಕೆ? ಏನಿದು ಸ್ಪೈನಲ್ ಶಾಕ್?

ಅಡಿಕೆ ಮರದಿಂದ ಬಿದ್ದವರು, ಬೈಕ್ ಅಪಘಾತದಲ್ಲಿ ಬೆನ್ನುಮೂಳೆ ಮುರಿದುಕೊಂಡವರು ಆಸ್ಪತ್ರೆ ಸೇರಿದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಡಾಕ್ಟ್ರೇ, ಮತ್ತೆ ನಡೀತಾರಾ?’ ‘ಈಗಲೇ ಹೇಳೋಕಾಗಲ್ಲ’ ಎಂಬ ಉತ್ತರ ಬಂದರೆ, ಏನೋ ಮುಚ್ಚಿಡ್ತಿದ್ದಾರೆ ಅಂತ ಅನುಮಾನ. ಆದರೆ ಆ ಉತ್ತರದ ಹಿಂದೆ ಬಹಳ ಸಲ ಇರುವುದು ಸ್ಪೈನಲ್ ಶಾಕ್.

ಶಾಕ್ ಅಂದರೆ ಇಲ್ಲಿ ಕರೆಂಟ್ ಹೊಡೆದದ್ದಲ್ಲ, ಗಾಬರಿಯೂ ಅಲ್ಲ. ಬೆನ್ನುಹುರಿಗೆ ಜೋರು ಪೆಟ್ಟು ಬಿದ್ದಾಗ, ಪೆಟ್ಟಾದ ಜಾಗದಿಂದ ಕೆಳಗಿನ ಹುರಿ ಕೆಲಕಾಲ ಸ್ತಬ್ಧವಾಗುತ್ತದೆ. ಮೊಣಕಾಲಿನ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರೆ ಕಾಲು ತಾನಾಗಿ ಚಿಮ್ಮುತ್ತದಲ್ಲ, ಅದಕ್ಕೆ ಮೆದುಳಿನ ಅಪ್ಪಣೆ ಬೇಕಿಲ್ಲ, ಬೆನ್ನುಹುರಿಯೇ ಮಾಡಿಸುವ ಕೆಲಸ ಅದು. ಶಾಕ್‌ನಲ್ಲಿ ಅದೂ ನಿಂತುಬಿಡುತ್ತದೆ. ಕಾಲು ಒದ್ದೆ ಬಟ್ಟೆಯಂತೆ ಮೆತ್ತಗಾಗುತ್ತದೆ. ಮೂತ್ರ ಕಟ್ಟಿಕೊಳ್ಳುತ್ತದೆ, ಅದಕ್ಕೇ ಟ್ಯೂಬ್ ಹಾಕೋದು.

ಈ ಸ್ಥಿತಿಯಲ್ಲಿ ಹುರಿ ಪೂರ್ತಿ ಹಾಳಾಗಿದೆಯೋ, ಸ್ವಲ್ಪ ಉಳಿದಿದೆಯೋ ಎಂದು ಖಚಿತವಾಗಿ ಹೇಳುವುದು ಕಷ್ಟ. ಎಂಆರ್‌ಐ ಪೆಟ್ಟಿನ ಜಾಗ ತೋರಿಸುತ್ತದೆ ನಿಜ, ಆದರೆ ಕಾಲು ಮುಂದೆ ಎಷ್ಟು ಕೆಲಸ ಮಾಡುತ್ತೆ ಅಂತ ಅದೊಂದರಿಂದಲೇ ತಿಳಿಯೋದಿಲ್ಲ. ಕೆಲವು ರಿಫ್ಲೆಕ್ಸ್‌ಗಳು ಒಂದೆರಡು ದಿನದಲ್ಲೇ ಮರಳುತ್ತವೆ, ಮೊಣಕಾಲಿನಂಥವಕ್ಕೆ ವಾರಗಳೇ ಬೇಕಾಗಬಹುದು.

ಮನೆಯವರು ಮೋಸಹೋಗುವುದು ಇಲ್ಲೇ. ಕೆಲ ವಾರಗಳ ನಂತರ ಕಾಲು ಇದ್ದಕ್ಕಿದ್ದಂತೆ ಜಿಗಿಯುತ್ತದೆ, ಸೆಟೆದುಕೊಳ್ಳುತ್ತದೆ. ಅಷ್ಟರಲ್ಲಿ ಯಾರೋ ಎಣ್ಣೆ ತಿಕ್ಕಿದ್ದರೆ ‘ನೋಡಿ, ಎಣ್ಣೆ ಹಿಡೀತು’ ಅಂತ ಊರಿಗೆಲ್ಲ ಸುದ್ದಿ, ದುಡ್ಡೂ ಖರ್ಚು. ವಾಸ್ತವದಲ್ಲಿ ಅದು ಶಾಕ್ ಇಳಿದು ಹುರಿ ತನ್ನಷ್ಟಕ್ಕೆ ಮಿಡಿಯುತ್ತಿರುವುದು. ‘ಹೆಬ್ಬೆರಳು ಅಲ್ಲಾಡಿಸಿ’ ಅಂದಾಗ ರೋಗಿ ತಾನೇ ಅಲ್ಲಾಡಿಸಿದರೆ, ಗುದದ ಸುತ್ತ ಮುಟ್ಟಿದ್ದು ಗೊತ್ತಾದರೆ, ಅದು ನಿಜವಾಗಿ ಭರವಸೆಯ ಸೂಚನೆ. ಡಾಕ್ಟರ್ ಮುಜುಗರದ ಜಾಗಗಳನ್ನೂ ಮತ್ತೆ ಮತ್ತೆ ಪರೀಕ್ಷಿಸುವುದು ಇದಕ್ಕೇ.

ಕಾಯುವ ದಿನಗಳಲ್ಲಿ ಮನೆಯವರ ದೊಡ್ಡ ಕೆಲಸ ಚರ್ಮ ಕಾಯುವುದು. ನೋವೇ ಗೊತ್ತಾಗದ ಕಾರಣ ಮಲಗಿದಲ್ಲೇ ಹುಣ್ಣಾಗುತ್ತದೆ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹೇಗೆ ಹೊರಳಿಸಬೇಕು ಅಂತ ನರ್ಸ್‌ಗಳಿಂದ ಕಲಿತುಕೊಳ್ಳಿ.

ಇನ್ನು ಬಿದ್ದ ಜಾಗದಲ್ಲೇ ಆಗುವ ತಪ್ಪು. ಕೈಕಾಲು ಹಿಡಿದೆತ್ತಿ ಆಟೋದಲ್ಲಿ ಕೂರಿಸಿದರೆ, ಸ್ವಲ್ಪ ಉಳಿದಿದ್ದ ಹುರಿಯೂ ಹೋಗಬಹುದು. ಕುತ್ತಿಗೆ, ಬೆನ್ನು ಅಲುಗಾಡದಂತೆ ಮಲಗಿಸಿಟ್ಟು 108ಕ್ಕೆ ಫೋನ್ ಮಾಡಿ.