ಜೀವಕೋಶಗಳ ಹಸಿವು

ನಾವು ಉಂಡ ಅನ್ನವು ಜೀರ್ಣವಾಗಿ, ಗ್ಲೂಕೋಸ್ ಎಂಬ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಜೀವಕೋಶಗಳು ಆಮ್ಲಜನಕದ ನೆರವಿನಿಂದ ಅದನ್ನು ಪೂರ್ಣವಾಗಿ ದಹಿಸಿ ಶಕ್ತಿಯನ್ನು ಪಡೆಯುತ್ತವೆ. ಆಮ್ಲಜನಕ ಸಾಲದಾದಾಗ, ಬಿರುಸಾಗಿ ಓಡುವವನ ಸ್ನಾಯುಗಳಲ್ಲಿ ಆಗುವಂತೆ, ಸಕ್ಕರೆಯು ಅರೆಬರೆಯಾಗಿ ಒಡೆದು ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಇದು ದುಂದುಗಾರಿಕೆಯ ಮಾರ್ಗ. ಪೂರ್ಣ ದಹನದಲ್ಲಿ ಒಂದು ಗ್ಲೂಕೋಸ್ ಅಣುವಿನಿಂದ ಶಕ್ತಿವಾಹಕವಾದ ಎ.ಟಿ.ಪಿ. ಅಣುಗಳು ಸುಮಾರು 30 ದೊರೆತರೆ, ಇಲ್ಲಿ ದೊರೆಯುವುದು 2 ಮಾತ್ರ.

1920ರ ದಶಕದಲ್ಲಿ ಬರ್ಲಿನ್ ನಗರದ ವಿಜ್ಞಾನಿ ಆಟೊ ವಾರ್ಬರ್ಗ್, ಅರ್ಬುದದ ತೆಳುವಾದ ಸೀಳುಗಳನ್ನು ಪರೀಕ್ಷಿಸುತ್ತಿದ್ದಾಗ ಒಂದು ಸೋಜಿಗವನ್ನು ಕಂಡನು. ಆಮ್ಲಜನಕ ಯಥೇಚ್ಛವಾಗಿದ್ದರೂ ಕ್ಯಾನ್ಸರ್ ಕೋಶಗಳು ಈ ದುಂದಿನ ಮಾರ್ಗವನ್ನೇ ಹಿಡಿದಿದ್ದವು! ಕೋಶದ ಉಸಿರಾಟ ಕೆಟ್ಟಿರುವುದೇ ಕ್ಯಾನ್ಸರಿನ ಮೂಲವೆಂದು ಅವನು ಬಗೆದನು. ಆ ತೀರ್ಮಾನ ನಿಲ್ಲಲಿಲ್ಲ. ಅನೇಕ ಅರ್ಬುದಗಳಲ್ಲಿ ಉಸಿರಾಟ ಸರಿಯಾಗಿಯೇ ನಡೆಯುತ್ತದೆ. ಆದರೆ ಅವನು ಕಂಡ ಸಂಗತಿ ಮಾತ್ರ ನಿಜ. ಇಂದಿನ ಪೆಟ್ ಪರೀಕ್ಷೆಯಲ್ಲಿ ವಿಕಿರಣಶೀಲ ಸಕ್ಕರೆಯನ್ನು ರಕ್ತಕ್ಕೆ ಸೇರಿಸಿ ಅರ್ಬುದವನ್ನು ಪತ್ತೆಹಚ್ಚುವುದು ಈ ಹೊಟ್ಟೆಬಾಕತನವನ್ನು ನಂಬಿಯೇ.

ಈಗ ನಮ್ಮ ದೇಹದ ಕಾವಲುಗಾರರ ಕಡೆಗೆ ತಿರುಗೋಣ. ಟಿ-ಕೋಶಗಳೆಂಬ ಬಿಳಿಯ ರಕ್ತಕಣಗಳು ಕ್ಯಾನ್ಸರ್ ಕೋಶವನ್ನು ಗುರುತಿಸಿ ಕೊಲ್ಲಬಲ್ಲವು. ವೈರಿಯನ್ನು ಕಂಡೊಡನೆ ಅವು ವೇಗವಾಗಿ ಇಮ್ಮಡಿಸತೊಡಗುತ್ತವೆ. ಆಗ ಅವುಗಳಿಗೂ ಬೇಕಾಗುವುದು ಅದೇ ಸಕ್ಕರೆ, ಹಿಡಿಯುವುದೂ ಅದೇ ಮಾರ್ಗ. ಹೀಗೆ ಕಳ್ಳನೂ ಕಾವಲುಗಾರನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಂತಾಯಿತು. ಅರ್ಬುದವು ಸಕ್ಕರೆಯನ್ನು ಬರಿದುಮಾಡಿದರೆ ಟಿ-ಕೋಶಗಳ ಕಸುವು ಕುಗ್ಗುತ್ತದೆಂದು 2015ರಲ್ಲಿ ಅಮೆರಿಕದ ಎರಡು ತಂಡಗಳು ಇಲಿಗಳಲ್ಲಿ ತೋರಿಸಿದವು.

ಹಸಿವಿಗಿಂತಲೂ ದೊಡ್ಡ ತೊಂದರೆ ಬಹುಶಃ ಆಮ್ಲದ್ದು. ಟಿ-ಕೋಶವು ತನ್ನಲ್ಲಿ ಹುಟ್ಟಿದ ಲ್ಯಾಕ್ಟಿಕ್ ಆಮ್ಲವನ್ನು ಹೊರಹಾಕಬೇಕು. ಹೊರಗೆ ಅದೇ ಆಮ್ಲ ತುಂಬಿದ್ದರೆ, ನೆರೆ ಬಂದಾಗ ಬಚ್ಚಲ ನೀರು ಹೊರಹರಿಯದಂತೆ, ಅದು ಒಳಗೇ ಉಳಿದು ಕೋಶವನ್ನು ನಿಶ್ಚೇಷ್ಟಗೊಳಿಸುತ್ತದೆ. ಇನ್ನೊಂದು ವಿಪರ್ಯಾಸವಿದೆ. ರೋಗನಿರೋಧಕ ಶಕ್ತಿ ಎಲ್ಲೆ ಮೀರದಂತೆ ತಡೆಯುವ ನಿಯಂತ್ರಕ ಟಿ-ಕೋಶಗಳು ಈ ಆಮ್ಲವನ್ನೇ ಆಹಾರವಾಗಿಸಿಕೊಳ್ಳಬಲ್ಲವು. ಹೋರಾಡುವವು ಸೊರಗಿದೆಡೆಯಲ್ಲಿ ಹೋರಾಟವನ್ನು ತಡೆಯುವವು ಬಾಳುತ್ತವೆ.

ಆದರೂ ಎಲ್ಲ ದೋಷವನ್ನೂ ಕ್ಯಾನ್ಸರ್ ಕೋಶದ ತಲೆಗೇ ಕಟ್ಟುವಂತಿಲ್ಲ. 2021ರಲ್ಲಿ ಇಲಿಗಳ ಅರ್ಬುದಗಳಲ್ಲಿ ಕೋಶವೊಂದು ಎಷ್ಟು ಸಕ್ಕರೆ ಹೀರುತ್ತದೆಂದು ಅಳೆದು ನೋಡಿದಾಗ, ಮೊದಲ ಸ್ಥಾನ ದೊರೆತದ್ದು ಅಲ್ಲಿಯೇ ನೆಲೆಸಿದ್ದ ಮ್ಯಾಕ್ರೋಫೇಜ್ ಮುಂತಾದ ರಕ್ಷಕ ಕಣಗಳಿಗೆ. ಕ್ಯಾನ್ಸರ್ ಕೋಶಗಳು ಗ್ಲುಟಮಿನ್ ಎಂಬ ಅಮೈನೋ ಆಮ್ಲವನ್ನು ಹೆಚ್ಚಾಗಿ ಹೀರುತ್ತಿದ್ದವು.

ಟಿ-ಕೋಶಗಳಿಗೆ ಬಿದ್ದಿರುವ ತಡೆಯನ್ನು ತೆಗೆಯುವ ಚಿಕಿತ್ಸೆಗೆ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ 2018ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಆ ಚಿಕಿತ್ಸೆ ಎಲ್ಲ ರೋಗಿಗಳಿಗೂ ಫಲಿಸುವುದಿಲ್ಲ. ಹಾಗಾದರೆ ಅರ್ಬುದದ ಅನ್ನವನ್ನೇ ಕಸಿದುಕೊಳ್ಳಬಹುದಲ್ಲವೆ? ಸಕ್ಕರೆಯ ಬಳಕೆಯನ್ನು ತಡೆದರೆ ಟಿ-ಕೋಶವೂ ಉಪವಾಸ ಬೀಳುತ್ತದೆ. ಗ್ಲುಟಮಿನ್ನಿನ ಬಳಕೆಯನ್ನು ತಡೆದಾಗ ಹಾಗಾಗಲಿಲ್ಲ. 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಲಿಗಳ ಕ್ಯಾನ್ಸರ್ ಕೋಶಗಳು ಬಳಲಿದವು. ಟಿ-ಕೋಶಗಳು ಬೇರೆ ಆಹಾರಕ್ಕೆ ಹೊಂದಿಕೊಂಡು ಮೊದಲಿಗಿಂತ ಚುರುಕಾದವು.